ಹಸುಗೂಸಿನ ತಲೆಗೆ ಹೆಲ್ಮೆಟ್: ಅಳೆಯುವವರೇ ಮಾರಬಾರದು

ಹಸುಗೂಸುಗಳ ಚಪ್ಪಟೆ ತಲೆಯನ್ನು ದುಂಡಗೆ ತರಲು ತೊಡಿಸುವ ಹೆಲ್ಮೆಟ್ಟಿಗೆ ಹೊರಗೆ ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಒಳಗೆ ಫೋಮ್ ಪದರ. ಅದು ತಲೆಯನ್ನು ಹಿಸುಕುವುದಿಲ್ಲ. ಉಬ್ಬಿದ ಕಡೆ ಫೋಮ್ ತಾಗಿಕೊಂಡಿರುತ್ತದೆ, ಚಪ್ಪಟೆಯಾದ ಕಡೆ ಖಾಲಿ ಜಾಗ ಬಿಟ್ಟಿರುತ್ತಾರೆ. ಬೆಳೆಯುವ ಬುರುಡೆ ಜಾಗ ಸಿಕ್ಕ ಕಡೆಗೆ ಬೆಳೆಯುತ್ತದೆ. ಮೊದಲು ತಲೆಯನ್ನು ಸ್ಕ್ಯಾನ್ ಮಾಡಿ ಅಳತೆ ತೆಗೆಯುತ್ತಾರೆ. ಆಮೇಲೆ ಆಗಾಗ ಮಗುವನ್ನು ಕರೆಸಿ ಒಳಗಿನ ಫೋಮನ್ನು ಬೇಕಾದಲ್ಲಿ ಕೆರೆದು ಜಾಗ ಹೆಚ್ಚಿಸುತ್ತಾರೆ. ಸಾಮಾನ್ಯವಾಗಿ 4ರಿಂದ 6 ತಿಂಗಳ ವಯಸ್ಸಿನಲ್ಲಿ ಶುರುಮಾಡಿ ಕೆಲವು ತಿಂಗಳ ಕಾಲ ದಿನಕ್ಕೆ 23 ಗಂಟೆ ತೊಡಿಸಿರಬೇಕು. ಅಮೆರಿಕದಲ್ಲಿ ಇದರ ಬೆಲೆ ಸಾವಿರಾರು ಡಾಲರ್. ಈ ಉಪಕರಣಕ್ಕೆ ವೈದ್ಯಕೀಯದಲ್ಲಿ ನಿಜವಾದ ಜಾಗ ಇದೆ, ಆದರೆ ಚಿಕ್ಕದು. ಅದನ್ನು ತಯಾರಿಸುವವರೇ ಮಗುವಿನ ತಲೆ ಅಳೆದು, ತಾವೇ ದೋಷ ಗುರುತಿಸಿ, ತಾವೇ ಮಾರುವ ಪದ್ಧತಿ ಆ ಚಿಕ್ಕ ಜಾಗವನ್ನು ಅಡ್ಡಾದಿಡ್ಡಿ ಹಿಗ್ಗಿಸಿದೆ. ಈ ಪದ್ಧತಿ ನಿಲ್ಲಬೇಕು.

ಅಮೆರಿಕದ ಸಿಯಾಟಲ್‌ನ ಮಕ್ಕಳ ವೈದ್ಯ ಸ್ಟರ್ಲಿಂಗ್ ಕ್ಲಾರೆನ್ ಮತ್ತು ಸಂಗಡಿಗರು ಹೆಲ್ಮೆಟ್ ಚಿಕಿತ್ಸೆಯ ಬಗ್ಗೆ 1979ರಲ್ಲೇ ಬರೆದಿದ್ದರು. ಆಗ ಅದು ಅಪರೂಪದ ಸಂಗತಿ. ಅದಕ್ಕೆ ಬೇಡಿಕೆ ಹುಟ್ಟಿದ್ದು ಬೇರೊಂದು ಕಾರಣದಿಂದ. ಶಿಶುಗಳು ನಿದ್ದೆಯಲ್ಲೇ ಹಠಾತ್ತಾಗಿ ಸಾಯುವುದನ್ನು ತಡೆಯಲು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 1992ರಲ್ಲಿ ಮಕ್ಕಳನ್ನು ಬೋರಲು ಮಲಗಿಸಬೇಡಿ ಎಂದು ಹೇಳಿತು. 1994ರಲ್ಲಿ ಅಂಗಾತ ಮಲಗಿಸುವ ದೊಡ್ಡ ಪ್ರಚಾರವೇ ಶುರುವಾಯಿತು. ಫಲ ಕಣ್ಣಿಗೆ ಕಾಣುವಂತಿತ್ತು. 1992ರಲ್ಲಿ ಸಾವಿರ ಜನನಕ್ಕೆ 1.2ರಷ್ಟಿದ್ದ ಇಂಥ ಸಾವು ಹತ್ತು ವರ್ಷದೊಳಗೆ ಅರ್ಧಕ್ಕಿಂತ ಕೆಳಗಿಳಿಯಿತು. ಸಾವಿರಾರು ಮಕ್ಕಳು ಉಳಿದರು. ಜೊತೆಗೇ, ಸದಾ ಅಂಗಾತ ಮಲಗುವ ಮಕ್ಕಳ ಹಿಂದಲೆ ಚಪ್ಪಟೆಯಾಗುವುದೂ ಹೆಚ್ಚಿತು. 1998ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಅರಿಜೋನಾದ ಕಂಪನಿಯೊಂದು ಮಾಡಿದ, ಹೆಲ್ಮೆಟ್ಟಿನದೇ ಕೆಲಸದ ತಲೆಪಟ್ಟಿಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದಾಚೆಗೆ ಇದು ದೊಡ್ಡ ವ್ಯಾಪಾರ.

ಚಪ್ಪಟೆತನದಲ್ಲಿ ಮುಖ್ಯವಾಗಿ ಎರಡು ಬಗೆ. ಒಂದೇ ಪಕ್ಕ ಚಪ್ಪಟೆಯಾದರೆ ಪ್ಲೇಜಿಯೊಸೆಫಲಿ, ಹಿಂದಲೆ ಪೂರ್ತಿ ಚಪ್ಪಟೆಯಾಗಿ ಅಗಲಗೊಂಡರೆ ಬ್ರಾಕಿಸೆಫಲಿ ಎನ್ನುತ್ತಾರೆ. ಮಲಗುವ ಭಂಗಿಯಿಂದ ಬಂದ ಈ ಎರಡೂ ಬಹುಪಾಲು ಮಕ್ಕಳಲ್ಲಿ ತಾವಾಗಿಯೇ ತಗ್ಗುತ್ತವೆ. ನ್ಯೂಜಿಲೆಂಡಿನಲ್ಲಿ 200 ಮಕ್ಕಳನ್ನು ಹುಟ್ಟಿನಿಂದ ಎರಡು ವರ್ಷದವರೆಗೆ ಅಳೆದು ನೋಡಿದ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. 4 ತಿಂಗಳಲ್ಲಿ ಸುಮಾರು ಶೇ 20 ಮಕ್ಕಳ ತಲೆ ಚಪ್ಪಟೆ ಅಥವಾ ಓರೆಯಾಗಿತ್ತು. 8 ತಿಂಗಳ ಹೊತ್ತಿಗೆ ಅದು ಶೇ 9ಕ್ಕೆ, ಎರಡು ವರ್ಷಕ್ಕೆ ಶೇ 3.3ಕ್ಕೆ ಇಳಿದಿತ್ತು. ಕಾರಣ ಸರಳ. ಕತ್ತು ನಿಂತ ಮೇಲೆ, ಮಗುಚಲು, ಕೂರಲು ಕಲಿತ ಮೇಲೆ ಮಗು ಎಚ್ಚರವಿರುವಾಗ ತಲೆ ನೆಲಕ್ಕೆ ಒತ್ತುವುದೇ ಇಲ್ಲ, ಬುರುಡೆ ಮಾತ್ರ ಬೆಳೆಯುತ್ತಲೇ ಇರುತ್ತದೆ. ಹುಟ್ಟಿದಾಗ 35 ಸೆಂಟಿಮೀಟರ್ ಆಸುಪಾಸಿರುವ ತಲೆಯ ಸುತ್ತಳತೆ ವರ್ಷ ತುಂಬುವಷ್ಟರಲ್ಲಿ ಸುಮಾರು 46 ಆಗುತ್ತದೆ. ಹೆಲ್ಮೆಟ್ ಶುರುಮಾಡುವ ವಯಸ್ಸು, ತಲೆ ತಾನಾಗಿ ಸರಿಯಾಗತೊಡಗುವ ವಯಸ್ಸು ಎರಡೂ ಒಂದೇ. ಹೆಲ್ಮೆಟ್ ಹಾಕಿದ ಮೂರು ತಿಂಗಳಿಗೆ ತಲೆ ದುಂಡಗಾಯಿತು ಎನ್ನುವ ಮುಂಚಿನ ಮತ್ತು ಆಮೇಲಿನ ಫೋಟೋಗಳು ಅದಕ್ಕೇ ಏನನ್ನೂ ಸಾಬೀತು ಮಾಡುವುದಿಲ್ಲ. ಹಾಕದ ಮಗುವಿನ ಫೋಟೋ ಪಕ್ಕದಲ್ಲಿ ಇರಬೇಕಾಗಿತ್ತು.

ಆ ಹೋಲಿಕೆಯನ್ನು ಚೀಟಿ ಎತ್ತಿದ ಹಾಗೆ ಮಕ್ಕಳನ್ನು ಎರಡು ಗುಂಪಾಗಿಸಿ ಮಾಡಿದ ಪ್ರಯೋಗ ನೆದರ್ಲೆಂಡ್ಸಿನದು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. 5ರಿಂದ 6 ತಿಂಗಳ 84 ಮಕ್ಕಳು. ಅರ್ಧದಷ್ಟು ಮಕ್ಕಳಿಗೆ ಆರು ತಿಂಗಳು ಹೆಲ್ಮೆಟ್, ಉಳಿದವರಿಗೆ ಏನೂ ಇಲ್ಲ. ಎರಡು ವರ್ಷ ತುಂಬಿದಾಗ ಅಳೆದರೆ, ಹೆಲ್ಮೆಟ್ ತೊಟ್ಟವರಲ್ಲಿ 39ಕ್ಕೆ 10 ಮಕ್ಕಳ ತಲೆ ಪೂರ್ತಿ ಸರಿಯಾಗಿತ್ತು, ತೊಡದವರಲ್ಲಿ 40ಕ್ಕೆ 9 ಮಕ್ಕಳದು. ಸರಾಸರಿ ಸುಧಾರಣೆಯಲ್ಲೂ ಎರಡು ಗುಂಪಿಗೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೆಲ್ಮೆಟ್ ಹಾಕಿಸಿದ ತಂದೆತಾಯಿಯರಲ್ಲಿ ಪ್ರತಿಯೊಬ್ಬರೂ ಏನಾದರೊಂದು ತೊಂದರೆ ಹೇಳಿದರು: ಚರ್ಮ ಕೆಂಪಾಗಿ ಕೆರಳುವುದು, ಬೆವರು, ವಾಸನೆ, ಕೆಲವು ಮಕ್ಕಳಿಗೆ ನೋವು. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ, ಮಗುವನ್ನು ಅಪ್ಪಿ ಮುದ್ದಾಡಲು ಹೆಲ್ಮೆಟ್ ಅಡ್ಡಬರುತ್ತಿತ್ತು ಎಂದರು. ಹಾಲುಗೂಸಿನ ತಲೆ ತಾಯಿಯ ಕೆನ್ನೆಗೆ ತಾಗದೆ ತಿಂಗಳುಗಟ್ಟಲೆ ಕಳೆಯುವುದು ಸಣ್ಣ ಬೆಲೆಯಲ್ಲ, ಅದನ್ನು ಯಾವ ಬಿಲ್ಲಿನಲ್ಲೂ ಬರೆಯುವುದಿಲ್ಲ. ಸಂಶೋಧಕರು, ಭಂಗಿಯಿಂದ ತಲೆ ಓರೆಯಾದ ಆರೋಗ್ಯವಂತ ಮಕ್ಕಳಿಗೆ ಇದನ್ನು ಮಾಮೂಲಿ ಚಿಕಿತ್ಸೆಯಾಗಿ ಕೊಡಬಾರದು ಎಂದು ಬರೆದರು.

ಈ ಪ್ರಯೋಗಕ್ಕೆ ಬಂದ ಆಕ್ಷೇಪಗಳಲ್ಲಿ ಹುರುಳಿಲ್ಲದೆ ಇಲ್ಲ. ಮಕ್ಕಳ ಸಂಖ್ಯೆ ಕಡಿಮೆ. ಅರ್ಹರಾದವರಲ್ಲಿ ಐದರಲ್ಲಿ ಒಂದು ಪಾಲು ಮಾತ್ರ ಒಪ್ಪಿಕೊಂಡಿದ್ದರು. ಅತಿ ತೀವ್ರವಾಗಿ ಓರೆಯಾದ ತಲೆಗಳನ್ನೂ ಕತ್ತು ಬಿಗಿದ ಮಕ್ಕಳನ್ನೂ ಸೇರಿಸಿಕೊಂಡಿರಲಿಲ್ಲ. ಬಹಳಷ್ಟು ಹೆಲ್ಮೆಟ್‌ಗಳು ತಲೆಗೆ ಸರಿಯಾಗಿ ಕೂರದೆ ಜರುಗುತ್ತಿದ್ದವು ಎಂಬುದೂ ನಿಜ. ಇದಕ್ಕೆ ಎದುರಾಗಿ ಹೆಲ್ಮೆಟ್ ಪರ ಇರುವವರು ತೋರಿಸುವುದು 2015ರ ಷಿಕಾಗೊ ವೈದ್ಯರ ವರದಿಯನ್ನು. ಅದರಲ್ಲಿ 4,378 ಮಕ್ಕಳ ದಾಖಲೆಗಳಿವೆ. ಮೊದಲಿಂದಲೇ ಹೆಲ್ಮೆಟ್ ಹಾಕಿದವರಲ್ಲಿ ಶೇ 94 ಮಂದಿ ಸರಿಹೋದರು ಎಂದಿದೆ. ಆದರೆ ಅಲ್ಲಿ ಯಾರಿಗೆ ಯಾವ ಚಿಕಿತ್ಸೆ ಎಂಬುದು ಚೀಟಿ ಎತ್ತಿ ಆದದ್ದಲ್ಲ, ಹಾಗಾಗಿ ಹೆಲ್ಮೆಟ್ ಹಾಕಿದ ಮತ್ತು ಹಾಕದ ಗುಂಪುಗಳನ್ನು ನೇರವಾಗಿ ಹೋಲಿಸಲಾಗದು. ಅದೇ ವರದಿಯಲ್ಲಿ ಹೆಚ್ಚು ಬೆಲೆಬಾಳುವ ಎರಡು ಅಂಕಿಗಳಿವೆ. ಮಲಗಿಸುವ ರೀತಿ ಬದಲಿಸಿ, ಕತ್ತಿನ ವ್ಯಾಯಾಮ ಮಾಡಿಸಿದ ಮಕ್ಕಳಲ್ಲಿ ಶೇ 77 ಮಂದಿಗೆ ಹೆಲ್ಮೆಟ್ ಬೇಕಾಗಲೇ ಇಲ್ಲ. ಅದು ಫಲಿಸದೆ ಆಮೇಲೆ ಹೆಲ್ಮೆಟ್ ಹಾಕಿಸಿಕೊಂಡವರಲ್ಲಿ ಶೇ 96 ಮಂದಿ ಸರಿಹೋದರು. ಅಂದರೆ, ಮೊದಲು ಕಾದು ನೋಡಿದ್ದರಿಂದ ಅವರು ಕಳೆದುಕೊಂಡದ್ದು ಏನೂ ಇಲ್ಲ.

ಮಾರಾಟದ ಇಡೀ ಮಾತು ನಿಂತಿರುವುದು ಇದಕ್ಕೆ ತದ್ವಿರುದ್ಧವಾದ ಹೆದರಿಕೆಯ ಮೇಲೆ. ಕ್ಲಿನಿಕ್ಕಿನಲ್ಲಿ ತಲೆ ಸ್ಕ್ಯಾನ್ ಉಚಿತ. ಕೆಲವೇ ನಿಮಿಷದಲ್ಲಿ ಪರದೆಯ ಮೇಲೆ ಮಗುವಿನ ಬುರುಡೆಯ ಚಿತ್ರ, ತಲೆಯನ್ನು ಮೂಲೆಯಿಂದ ಮೂಲೆಗೆ ಅಳೆದ ಎರಡು ಕರ್ಣಗಳ ವ್ಯತ್ಯಾಸ ಇಷ್ಟು ಮಿಲಿಮೀಟರ್ ಎಂಬ ಅಂಕಿ, ಅದು ಸಾಧಾರಣವೋ ತೀವ್ರವೋ ಎಂಬ ಷರಾ. ಜೊತೆಗೆ, ಈಗ ಬಿಟ್ಟರೆ ಮತ್ತೆ ಅವಕಾಶವಿಲ್ಲ ಎಂಬ ಎಚ್ಚರಿಕೆ. ಹೆರಿಗೆಯಾಗಿ ನಾಲ್ಕೈದು ತಿಂಗಳಾದ, ನಿದ್ದೆಗೆಟ್ಟ ತಾಯಿಗೆ ಈ ಅಂಕಿಯನ್ನು ಪ್ರಶ್ನಿಸುವ ತ್ರಾಣ ಎಲ್ಲಿಂದ ಬರಬೇಕು? ಬುರುಡೆ ವೇಗವಾಗಿ ಬೆಳೆಯುವಾಗಲೇ ಹೆಲ್ಮೆಟ್ ಕೆಲಸ ಮಾಡುವುದು, ವರ್ಷ ದಾಟಿದ ಮೇಲೆ ಪ್ರಯೋಜನ ಕಡಿಮೆ ಎಂಬುದು ಸತ್ಯವೇ. ಆ ಸತ್ಯವನ್ನು ಇವತ್ತೇ ನಿರ್ಧರಿಸಿ ಎಂಬ ಒತ್ತಡವಾಗಿ ತಿರುಗಿಸುವುದು ಅನ್ಯಾಯ. ನಾಲ್ಕು ತಿಂಗಳ ಮಗುವಿಗೆ ಎರಡು ತಿಂಗಳು ಕಾಯಲು ಸಮಯ ಖಂಡಿತ ಇದೆ. ಅಮೆರಿಕದ ನರಶಸ್ತ್ರವೈದ್ಯರ ಸಂಘಟನೆ 2016ರಲ್ಲಿ ಕೊಟ್ಟ ಮಾರ್ಗಸೂಚಿಯೂ ಮೊದಲು ಭಂಗಿ ಬದಲಾವಣೆ ಮತ್ತು ಫಿಸಿಯೋಥೆರಪಿ, ಅದರಿಂದಲೂ ಜಗ್ಗದ ಮಧ್ಯಮ ಅಥವಾ ತೀವ್ರ ವಕ್ರತೆಗೆ, ಇಲ್ಲವೇ ತಡವಾಗಿ ಬಂದ ಮಕ್ಕಳಿಗೆ ಹೆಲ್ಮೆಟ್ ಎನ್ನುತ್ತದೆ.

ಇನ್ನೊಂದು ಹೆದರಿಕೆ ಮಿದುಳಿನದು. ತಲೆ ಚಪ್ಪಟೆಯಾದರೆ ಬುದ್ಧಿ ಮಂದವಾಗುತ್ತದೆ ಎಂದು ಬಾಯಿಬಿಟ್ಟು ಹೇಳದಿದ್ದರೂ ಹಾಗೆ ಅನ್ನಿಸುವಂತೆ ಮಾತಾಡುವವರಿದ್ದಾರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಶಿಶುವಾಗಿದ್ದಾಗ ತಲೆ ಮಧ್ಯಮ ಅಥವಾ ತೀವ್ರವಾಗಿ ಚಪ್ಪಟೆಯಾಗಿದ್ದ ಮಕ್ಕಳು ಶಾಲೆಯ ವಯಸ್ಸಿನಲ್ಲಿ ಕೆಲವು ಪರೀಕ್ಷೆಗಳಲ್ಲಿ ತುಸು ಹಿಂದೆ ಬಿದ್ದದ್ದು ಕಂಡಿತು. ಅಲ್ಪ ಚಪ್ಪಟೆಯಿದ್ದವರಲ್ಲಿ ವ್ಯತ್ಯಾಸ ಇರಲಿಲ್ಲ. ಚಪ್ಪಟೆ ಬುರುಡೆಯೇ ಮಿದುಳನ್ನು ಕೆಡಿಸಿತು ಎಂದು ಇದರಿಂದ ಹೇಳಲಾಗದು. ಸ್ನಾಯುಬಲ ಕಡಿಮೆ ಇರುವ ಮಗು ಹೆಚ್ಚು ಹೊತ್ತು ಅಲುಗಾಡದೆ ಮಲಗುತ್ತದೆ, ಹಾಗಾಗಿ ತಲೆ ಚಪ್ಪಟೆಯಾಗುತ್ತದೆ. ಬೆಳವಣಿಗೆಯ ನಿಧಾನ ಮೊದಲು, ಚಪ್ಪಟೆತನ ಆಮೇಲೆ ಇರುವ ಸಾಧ್ಯತೆಯೇ ಹೆಚ್ಚು. ಅಂಥ ಮಗುವಿಗೆ ಬೇಕಾದದ್ದು ಬೆಳವಣಿಗೆಯ ತಪಾಸಣೆ, ಫಿಸಿಯೋಥೆರಪಿ. ಬುರುಡೆಯ ಆಕಾರ ತಿದ್ದಿದರೆ ಬುದ್ಧಿ ಚುರುಕಾಗುತ್ತದೆ ಎನ್ನಲು ಆಧಾರವಿಲ್ಲ.

ತಪ್ಪು ಮಾರುವವರದು ಮಾತ್ರವಲ್ಲ. ತಾಯಿ ತಲೆ ತೋರಿಸಿದಾಗ ಮುಟ್ಟಿಯೂ ನೋಡದೆ, ತಾನಾಗಿ ಸರಿಹೋಗುತ್ತೆ ಬಿಡಿ ಎಂದು ಕಳಿಸುವ ವೈದ್ಯರೇ ಅವಳನ್ನು ಉಚಿತ ಸ್ಕ್ಯಾನಿನ ಬಾಗಿಲಿಗೆ ತಳ್ಳುವುದು. ನೋಡಲೇಬೇಕಾದದ್ದು ಎರಡಿದೆ. ಮೊದಲನೆಯದು ಕತ್ತು. ಕತ್ತಿನ ಒಂದು ಪಕ್ಕದ ಸ್ನಾಯು ಬಿಗಿದಿದ್ದರೆ ಮಗು ಸದಾ ಒಂದೇ ಕಡೆ ಮುಖಮಾಡಿ ಮಲಗುತ್ತದೆ. ಗಿಲಕಿ ಆಡಿಸುತ್ತ ಆಚೆ ಪಕ್ಕಕ್ಕೆ ಸರಿದರೆ ಕಣ್ಣು ತಿರುಗುತ್ತದೆ, ಗದ್ದ ಭುಜದವರೆಗೆ ಬರುವುದಿಲ್ಲ. ಇದು ಟಾರ್ಟಿಕಾಲಿಸ್. ಮೂರು ತಿಂಗಳೊಳಗೆ ಗುರುತಿಸಿ ವ್ಯಾಯಾಮ ಶುರುಮಾಡಿದರೆ ಹೆಚ್ಚಿನ ಮಕ್ಕಳಲ್ಲಿ ಸಡಿಲವಾಗುತ್ತದೆ, ತಲೆಯೂ ಅದರ ಹಿಂದೆಯೇ ಸರಿಯಾಗುತ್ತ ಬರುತ್ತದೆ. ಕತ್ತು ಬಿಗಿದೇ ಇದ್ದು ಹೆಲ್ಮೆಟ್ ಮಾತ್ರ ಹಾಕಿದರೆ ಕಾರಣ ಹಾಗೇ ಉಳಿಯುತ್ತದೆ.

ಎರಡನೆಯದು ಕಿವಿ. ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡು ನೆತ್ತಿಯ ಮೇಲಿಂದ ನೋಡಬೇಕು. ಮಲಗುವ ಭಂಗಿಯಿಂದ ಆದ ಚಪ್ಪಟೆಯಾದರೆ, ಆ ಪಕ್ಕದ ಕಿವಿ ಮುಂದಕ್ಕೆ ಸರಿದಿರುತ್ತದೆ, ಅದೇ ಪಕ್ಕದ ಹಣೆಯೂ ತುಸು ಮುಂದೆ ಬಂದಿರುತ್ತದೆ. ತಲೆ ಇಡಿಯಾಗಿ ಓರೆಯಾಗಿ ತಳ್ಳಿದಂತೆ ಕಾಣುತ್ತದೆ. ಕಿವಿ ಹಿಂದಕ್ಕೂ ಕೆಳಕ್ಕೂ ಎಳೆದಂತಿದ್ದು ಅದರ ಹಿಂದೆ ಮೂಳೆ ಉಬ್ಬಿದ್ದರೆ ವಿಷಯ ಬೇರೆ. ಬುರುಡೆಯ ಮೂಳೆಗಳು ಕೂಡುವ ಗೆರೆ ಅವಧಿಗೆ ಮುಂಚೆಯೇ ಬೆಸೆದುಕೊಂಡಿರಬಹುದು. ಕ್ರೇನಿಯೊಸಿನೊಸ್ಟೋಸಿಸ್ ಎಂಬ ಈ ಸ್ಥಿತಿ, ಎಲ್ಲ ಬಗೆಗಳೂ ಸೇರಿ, ಸುಮಾರು 2,000ದಿಂದ 2,500 ಜನನಕ್ಕೆ ಒಂದು. ಹಿಂದಲೆಯ ಗೆರೆ ಬೆಸೆಯುವುದು ಇನ್ನೂ ಅಪರೂಪ. ಇಲ್ಲಿ ಕಾಯುವಂತಿಲ್ಲ, ಮಿದುಳಿಗೆ ಒತ್ತಡ ಬೀಳಬಹುದು, ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಅಮೆರಿಕದ ಹಿಮೆನೆಜ್ ಮತ್ತು ಬರೋನ್ ಎಂಬ ಶಸ್ತ್ರವೈದ್ಯರು 1998ರಲ್ಲಿ ಪ್ರಕಟಿಸಿದ ಎಂಡೋಸ್ಕೋಪ್ ವಿಧಾನದಲ್ಲಿ ಎಳೆಯ ಮಗುವಿನ ಬೆಸೆದ ಗೆರೆಯನ್ನು ಸಣ್ಣ ಗಾಯದ ಮೂಲಕ ತೆಗೆಯುತ್ತಾರೆ, ಆಮೇಲೆ ತಿಂಗಳುಗಟ್ಟಲೆ ಹೆಲ್ಮೆಟ್ ತೊಡಿಸಿ ತಲೆಯನ್ನು ಆಕಾರಕ್ಕೆ ತರುತ್ತಾರೆ. ಅಂಥಲ್ಲಿ ಹೆಲ್ಮೆಟ್ ಚಿಕಿತ್ಸೆಯ ಭಾಗವೇ. ಅದನ್ನು ಚೆಂದಕ್ಕೆ ಮಾಡಿಸಿಕೊಳ್ಳುವುದು ಎಂದು ವಿಮೆಯವರು ತಳ್ಳಿಹಾಕುವುದು ಅಕ್ಷಮ್ಯ.

ಹೆಲ್ಮೆಟ್ ಬೇಡವೆಂದವರು ದಿಂಬಿಗೆ ಕೈಹಾಕುವುದೂ ಉಂಟು, ಇದರಲ್ಲಿ ಕನ್ನಡದ ಮನೆಗಳೂ ಇವೆ. ತಲೆ ದುಂಡಗಾಗಲಿ ಎಂದು ಸಾಸಿವೆ ಅಥವಾ ರಾಗಿ ತುಂಬಿದ ಪುಟ್ಟ ದಿಂಬು ಇಡುವುದು ಇಲ್ಲಿನ ಹಳೆಯ ರೂಢಿ. ಬಾಣಂತನಕ್ಕೆ ಹೋದ ಅಜ್ಜಿಯರ ಜೊತೆ ಅದು ಅಮೆರಿಕಕ್ಕೂ ಹೋಗುತ್ತದೆ. ಒಂದು ವರ್ಷದೊಳಗಿನ ಮಗು ಮಲಗುವ ಜಾಗದಲ್ಲಿ ಯಾವ ದಿಂಬೂ ಇರಬಾರದು, ಉಸಿರುಕಟ್ಟುವ ಅಪಾಯವಿದೆ. ತಲೆಯ ಆಕಾರಕ್ಕೆಂದು ಮಾರುವ ದಿಂಬುಗಳನ್ನು ಬಳಸಬೇಡಿ ಎಂದು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯೇ 2022ರ ನವೆಂಬರಿನಲ್ಲಿ ಎಚ್ಚರಿಸಿದೆ. ಎಣ್ಣೆ ಹಚ್ಚುವಾಗ ತಲೆಯನ್ನು ಅಂಗೈಯಲ್ಲಿ ಒತ್ತಿ ತಿದ್ದುವುದರಿಂದಲೂ ಉಪಯೋಗವಿಲ್ಲ. ಆದರೆ ಅದೇ ಅಜ್ಜಿ ಕಾಲು ನೀಡಿ ಕೂತು, ಮಗುವನ್ನು ಕಾಲ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ನೀರು ಎರೆಯುವುದು ಒಳ್ಳೆಯ ಪದ್ಧತಿ. ಎಚ್ಚರವಿರುವ ಮಗು ಆಗ ಕತ್ತೆತ್ತಲು ಹೆಣಗುತ್ತದೆ, ಹಿಂದಲೆಗೆ ಬಿಡುವು ಸಿಗುತ್ತದೆ. ಇಂದಿನ ಮಕ್ಕಳ ವೈದ್ಯರು ಹೇಳುವ ಟಮ್ಮಿ ಟೈಮ್‌ನ ಕೆಲಸವೂ ಇದೇ. ಏಳು ವಾರದ ಹೊತ್ತಿಗೆ ದಿನಕ್ಕೆ ಒಟ್ಟು 15ರಿಂದ 30 ನಿಮಿಷ, ಯಾರಾದರೂ ಎದುರಿಗಿದ್ದು, ಎಚ್ಚರವಿರುವಾಗ ಮಾತ್ರ ಬೋರಲು ಬಿಡಬೇಕು ಎನ್ನುತ್ತಾರೆ. ಹಾಸಿಗೆಯಲ್ಲಿ ತಲೆಯಿಡುವ ದಿಕ್ಕನ್ನು ದಿನ ಬಿಟ್ಟು ದಿನ ಬದಲಿಸಿದರೆ ಬೆಳಕನ್ನೋ ತಾಯಿಯನ್ನೋ ನೋಡಲು ಮಗು ಎರಡೂ ಕಡೆ ತಿರುಗುತ್ತದೆ. ಬಾಟಲಿ ಹಾಲು ಕುಡಿಸುವವರು ಕೈ ಬದಲಿಸಬೇಕು. ಮಗು ನಿದ್ದೆಹೋಗುವುದು ಮಾತ್ರ ಅಂಗಾತವೇ. ಚಪ್ಪಟೆ ತಲೆಗೆ ಹೆದರಿ ಬೋರಲು ಮಲಗಿಸುವುದೆಂದರೆ ಜೀವವನ್ನೇ ಪಣಕ್ಕೊಡ್ಡಿದಂತೆ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ ಭಂಗಿಯ ಚಪ್ಪಟೆತನಕ್ಕೆ ಸಾಮಾನ್ಯವಾಗಿ ಹೆಲ್ಮೆಟ್ ಕೊಡುವುದಿಲ್ಲ, ಬೇಕಾದವರು ಖಾಸಗಿಯಾಗಿ ಕೊಳ್ಳುತ್ತಾರೆ. ಅಲ್ಲಿ ಕೊನೆಗೆ ಉಳ್ಳವರ ಮಕ್ಕಳಿಗೆ ಬೇಡದಿದ್ದರೂ ಹೆಲ್ಮೆಟ್, ಇಲ್ಲದವರ ಮಕ್ಕಳಿಗೆ ತೀವ್ರ ವಕ್ರತೆಯಿದ್ದರೂ ಇಲ್ಲ ಎಂದಾಗುವ ಅಪಾಯವಿದೆ. ಬೆಂಗಳೂರಿನಂಥ ಊರುಗಳಿಗೂ ಈಗ ಹೆಲ್ಮೆಟ್ ಕಾಲಿಟ್ಟಿದೆ; ಇಲ್ಲಿ ವ್ಯಾಪಾರ ಬೇರೂರುವ ಮುಂಚೆಯೇ ನಿಯಮ ಬರಬೇಕು. ಹೆಲ್ಮೆಟ್ ಬೇಕೆಂದು ಬರೆಯುವವರು ಅದರ ಮಾರಾಟದಿಂದ ಒಂದು ಪೈಸೆಯನ್ನೂ ಪಡೆಯದ ಮಕ್ಕಳ ತಜ್ಞರೋ ನರಶಸ್ತ್ರವೈದ್ಯರೋ ಆಗಿರಬೇಕು. ಕತ್ತು ನೋಡಿದ್ದು, ಮೂಳೆಯ ಗೆರೆಗಳನ್ನು ಮುಟ್ಟಿ ಪರೀಕ್ಷಿಸಿದ್ದು, ಎರಡು ತಿಂಗಳ ಅಂತರದಲ್ಲಿ ಎರಡು ಸಲ ಅಳೆದದ್ದು, ನಡುವೆ ಮಾಡಿಸಿದ ವ್ಯಾಯಾಮ ಇಷ್ಟೂ ಚೀಟಿಯಲ್ಲಿ ಬರೆದಿರಬೇಕು. ತಡವಾಗಿ ಬಂದ ಮಗುವಿಗೆ ಕಾಯುವ ಷರತ್ತು ಬೇಡ. ಇಷ್ಟಾದ ಮೇಲೂ ವಕ್ರತೆ ತೀವ್ರವಾಗಿಯೇ ಉಳಿದ ಮಗುವಿಗೆ ವಿಮೆಯಾಗಲಿ ಸರ್ಕಾರಿ ಯೋಜನೆಯಾಗಲಿ ಪೂರ್ತಿ ಹಣ ಕೊಡಬೇಕು.