ತಾಲ್ಲೂಕು ಆಸ್ಪತ್ರೆಯೂ ಔದ್ಯೋಗಿಕ ಚಿಕಿತ್ಸೆಯೂ

ಪಾರ್ಶ್ವವಾಯು ಬಡಿದ ರೈತನೊಬ್ಬನು ಆಸ್ಪತ್ರೆಯಲ್ಲಿ ಕೆಲವು ದಿನ ಮಲಗಿ, ಪ್ರಾಣಾಪಾಯದಿಂದ ಪಾರಾಗಿ ಊರಿಗೆ ಹಿಂದಿರುಗಿದನೆಂದರೆ, ದಫ್ತರದಲ್ಲಿ ಅವನು ಗುಣಹೊಂದಿದವರ ಲೆಕ್ಕಕ್ಕೆ ಸೇರುತ್ತಾನೆ. ಮನೆಯವರ ಲೆಕ್ಕವು ಬೇರೆ. ಬಲಗೈ ಏಳದು; ತುತ್ತು ಬಾಯಿಗೆ ಮುಟ್ಟದು; ಅಂಗಿಯ ಗುಂಡಿ ಹಾಕಲು ಹೆಂಡತಿ ಬೇಕು, ಬಚ್ಚಲಿಗೆ ಹೋಗಲು ಮಗನ ಹೆಗಲು ಬೇಕು. ಮಗನು ಕೂಲಿಯನ್ನು ಬಿಟ್ಟು ಮನೆಯಲ್ಲಿ ನಿಂತನೆಂದರೆ ಒಬ್ಬನ ರೋಗವು ಇಬ್ಬರ ದುಡಿಮೆಯನ್ನು ನುಂಗಿದಂತಾಯಿತು. ಇಂತಹವರನ್ನು ಮರಳಿ ಬದುಕಿಗೆ ತರುವ ವಿದ್ಯೆಯೊಂದಿದೆ. ಅದನ್ನು ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ತರುವ ವಿಷಯವಾಗಿ ಸರಕಾರದವರೂ ಸಾರ್ವಜನಿಕರೂ ಇನ್ನೂ ಸಾಕಷ್ಟು ಮನಸ್ಸು ಕೊಟ್ಟಿಲ್ಲವೆಂದು ಹೇಳದೆ ಗತ್ಯಂತರವಿಲ್ಲ.

ಆ ವಿದ್ಯೆಯೇ ಔದ್ಯೋಗಿಕ ಚಿಕಿತ್ಸೆ, ಅಂದರೆ ಆಕ್ಯುಪೇಷನಲ್ ಥೆರಪಿ. ಹೆಸರನ್ನು ಕೇಳಿ ಇದು ನೌಕರಿ ಕೊಡಿಸುವ ಕಚೇರಿಯೆಂದು ಭ್ರಮಿಸುವವರುಂಟು. ಇಲ್ಲಿ ಉದ್ಯೋಗವೆಂದರೆ ಸಂಬಳದ ಕೆಲಸವೊಂದೇ ಅಲ್ಲ. ಉಣ್ಣುವುದು, ಉಡುವುದು, ಮೀಯುವುದು, ಬರೆಯುವುದು, ನಾಟಿ ಮಾಡುವುದು, ಮಗುವನ್ನು ಎತ್ತಿಕೊಳ್ಳುವುದು ಎಲ್ಲವೂ ಉದ್ಯೋಗವೇ. ಬಿದ್ದ ಕೈಯು ಮೇಲೇಳುವಂತೆ ಮಾಡುವುದು ಫಿಸಿಯೋಥೆರಪಿಯ ಮುಖ್ಯ ಕಾರ್ಯವೆನ್ನಬಹುದಾದರೆ, ಎದ್ದಷ್ಟೇ ಕೈಯಿಂದ ತಲೆ ಬಾಚಿಕೊಳ್ಳುವಂತೆ ಮಾಡುವುದು ಔದ್ಯೋಗಿಕ ಚಿಕಿತ್ಸೆಯ ಕಾರ್ಯ. ಒಂದು ಇನ್ನೊಂದಕ್ಕೆ ಪೂರಕವೇ ಹೊರತು ಬದಲಿಯಲ್ಲ.

ಈ ವಿದ್ಯೆಯು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ೧೯೧೭ರಲ್ಲಿ ಅಮೆರಿಕದಲ್ಲಿ ಇದರ ಮೊದಲ ಸಂಘವು ಹುಟ್ಟಿತು. ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಶುಶ್ರೂಷೆಯು ಇದಕ್ಕೆ ಬಲವಿತ್ತಿತು. ಅಮೆರಿಕದಲ್ಲಿ ಹುಟ್ಟಿ, ಭಾರತೀಯರನ್ನು ವಿವಾಹವಾಗಿ, ಈ ದೇಶವನ್ನೇ ತಮ್ಮದಾಗಿಸಿಕೊಂಡ ಶ್ರೀಮತಿ ಕಮಲಾ ನಿಂಬಕರ್ ಅವರು ೧೯೫೦ರಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಭಾರತದ ಮೊದಲ ಶಿಕ್ಷಣಶಾಲೆಯನ್ನು ಸ್ಥಾಪಿಸಿದರು. ಭಾರತವು ಗಣರಾಜ್ಯವಾದ ವರ್ಷವೇ ಅದು. ೧೯೫೨ರಲ್ಲಿ ಅಖಿಲ ಭಾರತ ಸಂಘವು ಏರ್ಪಟ್ಟಿತು. ಅದೇ ವರ್ಷ ಜಾಗತಿಕ ಒಕ್ಕೂಟವನ್ನು ಕಟ್ಟಿದ ಹತ್ತು ದೇಶಗಳಲ್ಲಿ ಭಾರತವೂ ಒಂದಾಗಿತ್ತು. ಕರ್ನಾಟಕದಲ್ಲಿಯೂ ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವುಂಟು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದರ ಪ್ರಯೋಗವುಂಟು. ಏಳು ದಶಕಗಳು ಕಳೆದರೂ ಇದು ಬಹುಮಟ್ಟಿಗೆ ನಗರಗಳ ಸೊತ್ತಾಗಿಯೇ ಉಳಿದಿರುವುದೇ ಶೋಚನೀಯ.

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಇಲ್ಲಿಯ ಜನರ ಬದುಕು ಕೈಕಾಲುಗಳ ಬಲದ ಮೇಲೆ ನಿಂತಿದೆ. ಬತ್ತದ ನಾಟಿಗೆ ಸೊಂಟವು ಬಾಗಬೇಕು. ಅಡಿಕೆಯ ಕೊಯ್ಲಿಗೆ ಮರವೇರಬೇಕು. ಅಡಿಕೆಮರದಿಂದ ಬಿದ್ದು ಬೆನ್ನುಹುರಿ ಕೆಟ್ಟ ತರುಣರ ಕಥೆಯು ಮಲೆನಾಡಿನಲ್ಲಿ ಯಾರಿಗೂ ಹೊಸತಲ್ಲ. ಸೊರಬದ ಗುಡಿಗಾರರು ಗಂಧದ ಕೆತ್ತನೆಗೆ ಹೆಸರಾದವರು. ಅವರಲ್ಲೊಬ್ಬನ ಬೆರಳ ನರವು ತುಂಡಾದರೆ ಕೈಯೊಡನೆ ಕುಲವಿದ್ಯೆಯೂ ಹೋದಂತೆಯೇ ಸರಿ.

ಸೊರಬದ ಹೆಸರನ್ನು ಜಗತ್ತಿನ ವೈದ್ಯಲೋಕವು ಬಲ್ಲದು. ೧೯೫೭ರಲ್ಲಿ ಈ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದಾಗ ವಿಜ್ಞಾನಿಗಳು ಧಾವಿಸಿ ಬಂದರು. ಉಣುಗಿನಿಂದ ಹರಡುವ ಹೊಸ ವೈರಾಣುವನ್ನು ಕಂಡುಹಿಡಿದು ಕಾಡಿನ ಹೆಸರನ್ನೇ ಅದಕ್ಕಿಟ್ಟರು. ಅದು ಯುಕ್ತವೇ. ಆದರೆ ಜ್ವರವಿಳಿದ ಮೇಲೆಯೂ ವಾರಗಟ್ಟಲೆ ಕಾಡುವ ನಿತ್ರಾಣವನ್ನು ವಿಚಾರಿಸುವವರಾರು? ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನ ಕಥೆಯು ಇನ್ನೂ ಮನಕರಗಿಸುವಂತಹುದು. ೧೯೭೫ರ ಸುಮಾರಿಗೆ ಅಲ್ಲಿಯ ದಲಿತ ಕೃಷಿಕಾರ್ಮಿಕ ಕುಟುಂಬಗಳಲ್ಲಿ ಸೊಂಟ ಮೊಣಕಾಲುಗಳ ಕೀಲುಗಳನ್ನು ಸವೆಸಿ, ಕೆಲವರನ್ನು ಕುಬ್ಜರನ್ನಾಗಿಸುವ ವ್ಯಾಧಿಯು ಬೆಳಕಿಗೆ ಬಂದಿತು. ಗದ್ದೆಯ ಏಡಿಗಳಲ್ಲಿ ಸೇರಿದ ಕೀಟನಾಶಕವೇ ಕಾರಣವೆಂದು ಮೊದಲು ಶಂಕಿಸಿದರು. ಬಳಿಕ ಅದು ವಂಶಪಾರಂಪರ್ಯವಾದುದೆಂದು ಸಂಶೋಧಕರು ನಿರ್ಧರಿಸಿದರು. ರಕ್ತದ ಮಾದರಿಗಳು ದೂರದ ಪ್ರಯೋಗಶಾಲೆಗಳನ್ನು ಸೇರಿದವು. ಕೀಲಿನ ಸವೆತವನ್ನು ಹಿಂದಕ್ಕೆ ತಿರುಗಿಸುವ ಔಷಧವಿಲ್ಲ. ಔಷಧವಿಲ್ಲದ ಕಡೆಯಲ್ಲಿಯೇ ಔದ್ಯೋಗಿಕ ಚಿಕಿತ್ಸಕನ ಅಗತ್ಯವು ಅತ್ಯಧಿಕ. ಹರಡುವ ರೋಗವು ಸರಕಾರವನ್ನು ಎಚ್ಚರಿಸುತ್ತದೆ. ಹರಡದೆ ಒಂದೇ ಮನೆಯ ಮೂಲೆಯಲ್ಲಿ ಕುಳಿತ ಅಂಗವೈಕಲ್ಯವು ಯಾರನ್ನೂ ಎಚ್ಚರಿಸುವುದಿಲ್ಲ.

ಸಣ್ಣ ಆಸ್ಪತ್ರೆಯಲ್ಲಿ ಇಂತಹ ಚಿಕಿತ್ಸಕನೊಬ್ಬನು ಏನು ಮಾಡಬಲ್ಲನು? ಆತನಿಗೆ ದೊಡ್ಡ ಯಂತ್ರಗಳು ಬೇಕಿಲ್ಲ. ರೋಗಿಯು ಯಾವುದನ್ನು ತಾನೇ ಮಾಡಬಲ್ಲ, ಯಾವುದನ್ನು ಮಾಡಲಾರ ಎಂಬುದನ್ನು ಮೊದಲು ಅಳೆಯುತ್ತಾನೆ. ಒಂದೊಂದು ಕೆಲಸವನ್ನೂ ಚಿಕ್ಕ ಚಿಕ್ಕ ಹೆಜ್ಜೆಗಳಾಗಿ ಒಡೆದು ಕಲಿಸುತ್ತಾನೆ. ಅಂಗಿ ತೊಡುವಾಗ ಬಿದ್ದ ಕೈಯನ್ನು ಮೊದಲು ತೋಳಿಗೆ ಸೇರಿಸಬೇಕು, ಬಿಚ್ಚುವಾಗ ಕಡೆಗೆ ತೆಗೆಯಬೇಕು ಎಂಬಷ್ಟನ್ನು ತಿಳಿದರೂ ಒಬ್ಬನ ಪರಾಧೀನತೆಯು ಅರ್ಧ ತಗ್ಗುತ್ತದೆ. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪಮಾಡುವುದು, ಸೆಟೆದ ಬೆರಳುಗಳಿಗೆ ಪಟ್ಟಿ ಕಟ್ಟುವುದು, ಬೆನ್ನುಹುರಿ ಕೆಟ್ಟವನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವ ಕ್ರಮವನ್ನು ಮನೆಯವರಿಗೆ ಕಲಿಸುವುದು, ಹುಟ್ಟಿನಿಂದಲೇ ಸ್ನಾಯುಗಳು ಬಿಗಿದ ಮಗುವಿಗೆ ನೆಟ್ಟಗೆ ಕೂರುವ ಪೀಠವನ್ನು ಮಾಡಿಸುವುದು ಎಲ್ಲವೂ ಇದರಲ್ಲಿ ಸೇರಿವೆ. ಮನೋರೋಗದಿಂದ ಚೇತರಿಸಿಕೊಂಡವನಿಗೆ ಬೆಳಗಿನಿಂದ ಸಂಜೆಯವರೆಗಿನ ದಿನಚರಿಯನ್ನು ಮರಳಿ ಕಟ್ಟಿಕೊಡುವುದೂ ಇದೇ ಚಿಕಿತ್ಸೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ನಗರದ ಪುಸ್ತಕವು ಹಳ್ಳಿಗೆ ಹಾಗೆಯೇ ಹೊಂದದು. ಮೇಜು ಕುರ್ಚಿಗಳಲ್ಲಿ ಉಣ್ಣುವವನಿಗೆ ಬರೆದ ಪಾಠವು ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣುವವನಿಗೆ ಹೇಗೆ ಹೊಂದೀತು? ಎತ್ತರದ ಹೊಸ್ತಿಲು, ತಗ್ಗಿದ ಬಾಗಿಲು, ನೆಲದ ಒಲೆ, ಮನೆಯ ಹಿಂದಣ ಬಚ್ಚಲು, ಮಳೆಗಾಲದಲ್ಲಿ ಜಾರುವ ಅಂಗಳ ಇವನ್ನು ಕಣ್ಣಾರೆ ಕಾಣದೆ ಕೊಟ್ಟ ಸಲಹೆಯು ಕಾಗದದಲ್ಲಿಯೇ ಉಳಿಯುತ್ತದೆ. ಆದುದರಿಂದ ಚಿಕಿತ್ಸಕನು ವಾರದ ಕೆಲವು ದಿನವಾದರೂ ಹಳ್ಳಿಯ ಹೊಸ್ತಿಲನ್ನು ದಾಟತಕ್ಕದ್ದು. ಬಚ್ಚಲಿನಲ್ಲಿ ಒಂದು ಮರದ ಪೀಠ, ಗೋಡೆಗೆ ಒಂದು ಹಿಡಿಗೋಲು, ಇವನ್ನು ಮಾಡಿಕೊಡಲು ಊರ ಬಡಗಿಯೇ ಸಾಕು. ಬೇಕಾದುದು ಎಲ್ಲಿ, ಎಷ್ಟು ಎತ್ತರಕ್ಕೆ ಎಂದು ಹೇಳಬಲ್ಲ ವಿದ್ಯಾವಂತನು.

ಹಣವೆಲ್ಲಿ ಎಂದು ಕೆಲವರು ಕೇಳಬಹುದು. ಹಾಸಿಗೆ ಹಿಡಿದವನ ವೆಚ್ಚವು ಸರಕಾರದ ಆಯವ್ಯಯದಲ್ಲಿ ಕಾಣದಿದ್ದರೂ ಬಡವನ ಮನೆಯಲ್ಲಿ ಸಾಲವಾಗಿ ಕಾಣುತ್ತದೆ ಎಂಬುದೇ ನಮ್ಮ ಉತ್ತರ. ಜಿಲ್ಲಾ ಕೇಂದ್ರದಲ್ಲಿ ವ್ಯವಸ್ಥೆಯಿದೆಯಲ್ಲ ಎಂದು ಇನ್ನು ಕೆಲವರು ಹೇಳಬಹುದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಯೋಜನೆಯು ಮಕ್ಕಳಿಗಾಗಿ ಜಿಲ್ಲಾ ಕೇಂದ್ರಗಳನ್ನು ವಿಧಿಸಿರುವುದು ನಿಜ. ಆದರೆ ಶಿಕಾರಿಪುರದಿಂದ ಶಿವಮೊಗ್ಗೆಗೆ ಸುಮಾರು ೫೦ ಕಿಲೋಮೀಟರು. ಸೊರಬದಿಂದ ಅದಕ್ಕಿಂತಲೂ ಹೆಚ್ಚು. ವಾರಕ್ಕೆರಡು ಸಲ, ತಿಂಗಳುಗಟ್ಟಲೆ ನಡೆಯಬೇಕಾದ ಅಭ್ಯಾಸಕ್ಕೆ ನಡೆಯಲಾರದ ಮಗುವನ್ನು ಹೊತ್ತು, ದಿನಗೂಲಿಯನ್ನು ಬಿಟ್ಟು, ತಾಯಿಯು ಎಷ್ಟು ದಿನ ಬಸ್ಸು ಹತ್ತಿಯಾಳು? ಮೂರನೆಯ ವಾರ ಆಕೆ ಬರುವುದನ್ನು ನಿಲ್ಲಿಸಿದರೆ ಅದನ್ನು ಅಜ್ಞಾನವೆಂದು ಜರೆಯುವುದು ನ್ಯಾಯವಲ್ಲ.

ಕಾನೂನಿನ ಬಲವು ಇಲ್ಲದಿಲ್ಲ. ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ೨೧ ಬಗೆಯ ವೈಕಲ್ಯಗಳನ್ನು ಗುರುತಿಸಿ, ವಿಶೇಷವಾಗಿ ಗ್ರಾಮಾಂತರದಲ್ಲಿ ಸಮೀಪದಲ್ಲಿಯೇ ಆರೋಗ್ಯ ಸೇವೆ ದೊರೆಯಬೇಕೆಂದು ಹೇಳಿದೆ. ಪುನರ್ವಸತಿಯನ್ನೂ ಸರಕಾರದ ಕರ್ತವ್ಯವಾಗಿಸಿದೆ. ಆದರೆ ಅದಕ್ಕೆ ಆರ್ಥಿಕ ಶಕ್ತಿಗನುಸಾರವಾಗಿ ಎಂಬ ಮಿತಿಯೊಂದನ್ನೂ ಹಚ್ಚಿದೆ; ಆ ಮಿತಿಯು ನೆಪವಾಗದಂತೆ ಜನಪ್ರತಿನಿಧಿಗಳು ನೋಡಿಕೊಳ್ಳಬೇಕು. ೨೦೨೧ರ ಸಹವೈದ್ಯಕೀಯ ವೃತ್ತಿಗಳ ಅಧಿನಿಯಮವು ಔದ್ಯೋಗಿಕ ಚಿಕಿತ್ಸೆಗೆ ಮಾನ್ಯತೆಯಿತ್ತಿದೆ. ಮಾನ್ಯತೆಯೊಂದರಿಂದ ಹಳ್ಳಿಗೆ ಚಿಕಿತ್ಸಕನು ಬರುವುದಿಲ್ಲ. ಹುದ್ದೆಯೂ ಸಂಬಳವೂ ವಸತಿಯೂ ಬೇಕು.

ನಮ್ಮ ಸೂಚನೆಗಳು ಸರಳವಾಗಿವೆ. ಒಂದೊಂದು ತಾಲ್ಲೂಕಿಗೆ ಒಬ್ಬೊಬ್ಬರು ತಕ್ಷಣ ಸಾಧ್ಯವಾಗದಿದ್ದರೆ, ಶಿಕಾರಿಪುರ ಸೊರಬಗಳೆರಡಕ್ಕೂ ಸೇರಿ ಒಬ್ಬ ಚಿಕಿತ್ಸಕನನ್ನು ಖಾಯಂ ಆಗಿ ನೇಮಿಸಲಿ. ಎರಡು ಆಸ್ಪತ್ರೆಗಳಿಗೂ ಹಳ್ಳಿಗಳಿಗೂ ವಾರವನ್ನು ಹಂಚಲಿ. ಆಶಾ ಕಾರ್ಯಕರ್ತೆಯರಿಗೆ ಮನೆಯಲ್ಲಿ ಅಭ್ಯಾಸ ಮುಂದುವರಿಸುವ ಕ್ರಮವನ್ನು ಕಲಿಸಲಿ; ಅದಕ್ಕೆ ತಕ್ಕ ಗೌರವಧನವನ್ನೂ ಕೊಡಲಿ. ಆಸ್ಪತ್ರೆಯ ಬಿಡುಗಡೆ ಚೀಟಿಯಲ್ಲಿ ರೋಗಿಯು ಯಾವ ಕೆಲಸಗಳನ್ನು ತಾನೇ ಮಾಡಿಕೊಳ್ಳಬಲ್ಲನೆಂಬ ಅಂಕಣವೊಂದನ್ನು ಸೇರಿಸಲಿ. ಈ ಕಡೆಯದಕ್ಕೆ ಕಾಸೂ ಖರ್ಚಿಲ್ಲ. ಆದರೆ ಅದೊಂದು ಅಂಕಣವಿದ್ದರೆ ಗುಣವೆಂಬ ಮಾತಿನ ಅರ್ಥವೇ ಬದಲಾದೀತು.

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ೧೧೬೨ರ ಶಾಸನವೊಂದುಂಟು. ಅಲ್ಲಿಯ ಕೋಡಿಯ ಮಠವು ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅನ್ನವಿಕ್ಕುವ, ಅನಾಥ ರೋಗಿಗಳಿಗೆ ಚಿಕಿತ್ಸೆ ನೀಡುವ ಸ್ಥಾನವಾಗಿತ್ತೆಂದು ಅದು ಸಾರುತ್ತದೆ. ಆ ಶಾಸನವನ್ನು ತೋರಿಸಿ ನಾವು ಹೆಮ್ಮೆಪಡುವುದುಂಟು. ಆ ಹೆಮ್ಮೆಗೆ ಅರ್ಹರಾಗಬೇಕಾದರೆ ಅದೇ ತಾಲ್ಲೂಕಿನ ಆಸ್ಪತ್ರೆಯು ಇಂದಿನ ಕುಂಟನಿಗೆ ಅನ್ನವನ್ನಷ್ಟೇ ಅಲ್ಲ, ತನ್ನ ಅನ್ನವನ್ನು ತಾನೇ ದುಡಿದು ಉಣ್ಣುವ ಶಕ್ತಿಯನ್ನೂ ಕೊಡುವಂತಾಗಬೇಕು. ಮುಂದಿನ ಆಯವ್ಯಯದ ಸಮಯದಲ್ಲಿ ಈ ಎರಡು ತಾಲ್ಲೂಕುಗಳ ಪ್ರತಿನಿಧಿಗಳು ಪಕ್ಷಭೇದವನ್ನು ಮರೆತು ಇದನ್ನು ಕೇಳುವರೆಂದು ನಾವು ಆಶಿಸುತ್ತೇವೆ.