ಗ್ರಹಣದ ಚಾಕುವೂ ಥಿನ್ನರಿನ ವಾಸನೆಯೂ



ನನ್ನ ಐದನೆಯ ತರಗತಿಯಲ್ಲಿ ಮೇಲ್ತುಟಿ ಸೀಳಿದ್ದ ಹುಡುಗನೊಬ್ಬನಿದ್ದ. ಹಾಜರಿ ಕೂಗಿದಾಗ ಬಾಯಿಗೆ ಕೈ ಅಡ್ಡ ಹಿಡಿದೇ ಉತ್ತರಿಸುತ್ತಿದ್ದ. ಒಮ್ಮೆ ಅವನ ತಾಯಿ ಶಾಲೆಗೆ ಬಂದವರು, "ಗ್ರಹಣದ ದಿನ ಬದನೆಕಾಯಿ ಹೆಚ್ಚಿದೆ ಅಂತ ಅತ್ತೆ ಇವತ್ತಿಗೂ ಬೈತಾರೆ ಮೇಷ್ಟ್ರೇ" ಎಂದು ಕಣ್ಣೊರೆಸಿಕೊಂಡರು. ನಾನು ಸುಮ್ಮನಿದ್ದೆ. ಆ ಮೌನಕ್ಕೆ ಪ್ರಾಯಶ್ಚಿತ್ತವಾಗಿ ಈ ಬರಹ.

ಗ್ರಹಣಕ್ಕೂ ಸೀಳುತುಟಿಗೂ ಯಾವ ಸಂಬಂಧವೂ ಇಲ್ಲ. ಗರ್ಭದಲ್ಲಿ ಶಿಶುವಿನ ಮುಖವು ಬೇರೆ ಬೇರೆ ಭಾಗಗಳಾಗಿ ಬೆಳೆದು ನಡುವೆ ಕೂಡಿಕೊಳ್ಳುತ್ತದೆ. ತುಟಿ ರೂಪುಗೊಳ್ಳುವುದು 4ರಿಂದ 7ನೆಯ ವಾರದೊಳಗೆ; ಅಂಗುಳ 6ರಿಂದ 9ನೆಯ ವಾರದೊಳಗೆ. ಈ ಕೂಡಿಕೆ ತಪ್ಪಿದರೆ ಸೀಳು ಉಳಿಯುತ್ತದೆ. ವಂಶವಾಹಿಗಳು, ಧೂಮಪಾನ, ಮಧುಮೇಹ, ಕೆಲವು ಔಷಧಗಳು ಹೀಗೆ ಕಾರಣಗಳು ಹಲವು. ಆದುದರಿಂದ ಒಂದು ಮಗುವನ್ನು ತೋರಿಸಿ ಇದಕ್ಕೆ ಇಂಥದೇ ಕಾರಣವೆಂದು ಹೇಳಲಾಗದು.

ಆದರೆ ಬಣ್ಣ, ಅಂಟು, ಶುಚಿಕಾರಕಗಳಲ್ಲಿರುವ ದ್ರಾವಕಗಳನ್ನು ಕಡೆಗಣಿಸುವಂತಿಲ್ಲ. ಮದ್ಯಸಾರವೂ ಒಂದು ದ್ರಾವಕವೇ. ತಾಯಿಯ ಅತಿಯಾದ ಮದ್ಯಪಾನದಿಂದ ಶಿಶುವಿನ ತಲೆ ಚಿಕ್ಕದಾಗಿ ಮುಖಲಕ್ಷಣವೇ ಬದಲಾಗುವುದನ್ನು ಸಿಯಾಟಲ್‌ನ ವೈದ್ಯರು 1973ರಲ್ಲಿ ವಿವರಿಸಿದರು. ಗರ್ಭಿಣಿಯಾಗಿದ್ದಾಗ ಟಾಲ್ಯೀನ್ ಮೂಸುವ ಚಟವಿದ್ದವರ ಶಿಶುಗಳಲ್ಲಿಯೂ ಇಂಥದೇ ಲಕ್ಷಣಗಳು ಕಂಡುಬಂದವು. ಫ್ರಾನ್ಸಿನ ಬ್ರಿಟನಿ ಪ್ರಾಂತದಲ್ಲಿ 2002ರಿಂದ 2006ರವರೆಗೆ 3,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಅಧ್ಯಯನಕ್ಕೆ ಸೇರಿಸಿಕೊಂಡರು. ಕೆಲಸದಲ್ಲಿ ದ್ರಾವಕಗಳ ಸಂಪರ್ಕವಿದ್ದವರ ಶಿಶುಗಳಲ್ಲಿ ಸೀಳುತುಟಿ, ಸೀಳಂಗುಳದಂಥ ವೈಕಲ್ಯ ಹೆಚ್ಚೆಂದು ಅದು 2009ರಲ್ಲಿ ತಿಳಿಸಿತು. ಹಾಗೆ ಸಂಪರ್ಕವಿದ್ದವರು ದಾದಿಯರು, ಕೇಶಾಲಂಕಾರದವರು, ಶುಚಿ ಮಾಡುವವರು. ನಮ್ಮ ನಿಮ್ಮಂಥ ಮನೆಯ ಹೆಣ್ಣುಮಕ್ಕಳೇ.

ನನ್ನ ತಕರಾರು ಇಲ್ಲಿದೆ. ನಮ್ಮಲ್ಲಿ 2017ರ ತಿದ್ದುಪಡಿಯು ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. ಸಂತೋಷವೇ. ಆದರೆ ಅದರಲ್ಲಿ ಹೆರಿಗೆಗೆ ಮುನ್ನ ಪಡೆಯಬಹುದಾದುದು 8 ವಾರ ಮಾತ್ರ. ಅಷ್ಟರಲ್ಲಿ ಮಗುವಿನ ಮುಖ ರೂಪುಗೊಂಡು ತಿಂಗಳುಗಳೇ ಕಳೆದಿರುತ್ತವೆ! ತಾನು ಬಸುರಿಯೆಂದು ಆಕೆಗೇ ತಿಳಿಯುವ ಮೊದಲೇ ಆ ಕೆಲಸ ಅರ್ಧ ಮುಗಿದಿರುತ್ತದೆ. ಆದುದರಿಂದ ರಕ್ಷಣೆ ಬೇಕಾದುದು ಬಸುರಿಗಷ್ಟೇ ಅಲ್ಲ, ಅಲ್ಲಿ ದುಡಿಯುವ ಪ್ರತಿಯೊಬ್ಬರಿಗೂ. ಬೇಕಾದುದು ರಜೆಯಷ್ಟೇ ಅಲ್ಲ, ಶುದ್ಧ ಗಾಳಿ.

ನಿಮ್ಮಲ್ಲಿ ಕೆಲವರು ಈಗ ಕಾರ್ಖಾನೆ, ಅಂಗಡಿ, ಪ್ರಯೋಗಾಲಯಗಳನ್ನು ನಡೆಸುತ್ತಿದ್ದೀರಿ. ಹಳೆಯ ಮೇಷ್ಟ್ರ ಮಾತೆಂದು ಕೇಳಿ: ಹೊಗೆ, ಆವಿಯನ್ನು ಹೊರಹಾಕುವ ಫ್ಯಾನು ಹಾಕಿಸಿ, ಡಬ್ಬಗಳಿಗೆ ಮುಚ್ಚಳವಿರಲಿ, ಯಾವ ಡಬ್ಬದಲ್ಲಿ ಏನಿದೆಯೆಂದು ಕನ್ನಡದಲ್ಲಿ ಬರೆಸಿ. ಮಗು ಬೇಕೆಂದಿರುವ ಹೆಣ್ಣುಮಗಳು ಬೇರೆ ಕೆಲಸ ಕೇಳಿದರೆ ಸಂಬಳ ಕಡಿಯದೆ ಕೊಡಿ.

ಆ ತಾಯಿಗೆ ಅಂದು "ತಪ್ಪು ನಿಮ್ಮದಲ್ಲಮ್ಮ" ಎನ್ನಬೇಕಿತ್ತು. ನೀವಾದರೂ ಹೇಳಿ.