‘ಕಾಣಿಸ್ತಿದೆ’ ಅಂದ್ರೆ ಸಾಕಾ?

ವಿಮಾನಗಳ ರೇಡಿಯೋದಲ್ಲಿ ‘ಟ್ರಾಫಿಕ್ ಇನ್ ಸೈಟ್’ ಅನ್ನೋ ಮಾತು ದಿನಕ್ಕೆ ಎಷ್ಟೋ ಸಲ ಕೇಳುತ್ತೆ. ನೀವು ಹೇಳಿದ ಆ ಇನ್ನೊಂದು ವಿಮಾನ ನನ್ನ ಕಣ್ಣಿಗೆ ಕಾಣಿಸ್ತಿದೆ ಅಂತ ಪೈಲಟ್ ಕಂಟ್ರೋಲರ್‌ಗೆ ಹೇಳೋದು ಅಷ್ಟೇ. ಆದರೆ ಇದರ ಜೊತೆಗೆ ‘ವಿಶುವಲ್ ಸೆಪರೇಶನ್’ ಬೇಕು ಅಂತ ಪೈಲಟ್ ಕೇಳಿ, ಕಂಟ್ರೋಲರ್ ಒಪ್ಪಿಕೊಂಡರೆ, ಆ ಕ್ಷಣದಿಂದ ಎರಡು ವಿಮಾನಗಳ ನಡುವಿನ ಅಂತರ ಕಾಯೋ ಕೆಲಸ ರಾಡಾರ್ ಬಿಟ್ಟು ಒಬ್ಬ ಮನುಷ್ಯನ ಕಣ್ಣಿಗೆ ಬರುತ್ತೆ. ಈ ಪದ್ಧತಿಯನ್ನೇ ಕಿತ್ತುಹಾಕಿ ಅಂತ ನಾನು ಹೇಳ್ತಿಲ್ಲ. ಅದು ತಪ್ಪಿದರೆ ಹಿಡಿಯೋಕೆ ಇನ್ನೊಂದು ಏರ್ಪಾಡು ಇಲ್ಲದ ಜಾಗದಲ್ಲಿ ಮಾತ್ರ ಅದನ್ನು ಬಳಸಲೇಬಾರದು ಅನ್ನೋದು ನನ್ನ ವಾದ.

ಮೊದಲು ಇದು ಹೇಗೆ ನಡೆಯುತ್ತೆ ನೋಡೋಣ. ಅಮೆರಿಕದಲ್ಲಿ ಏರ್‌ಪೋರ್ಟ್ ಸುತ್ತ ರಾಡಾರ್ ನೋಡೋ ಕಂಟ್ರೋಲರ್ ಸಾಮಾನ್ಯವಾಗಿ ಎರಡು ವಿಮಾನಗಳ ನಡುವೆ 3 ನಾಟಿಕಲ್ ಮೈಲಿ, ಅಂದರೆ ಸುಮಾರು 5.5 ಕಿ.ಮೀ. ಅಂತರ ಇಡಬೇಕು. ಇಲ್ಲದಿದ್ದರೆ ಎತ್ತರದಲ್ಲಿ 1000 ಅಡಿ. ವಿಶುವಲ್ ಸೆಪರೇಶನ್‌ನಲ್ಲಿ ಈ ನಂಬರ್‌ಗಳು ಇರಲ್ಲ. ಟವರ್‌ನಲ್ಲಿ ಕೂತ ಕಂಟ್ರೋಲರ್ ಎರಡೂ ವಿಮಾನಗಳನ್ನು ಕಣ್ಣಲ್ಲಿ ನೋಡಿ ದೂರ ಇಡಬಹುದು, ಅಥವಾ ಒಬ್ಬ ಪೈಲಟ್ ಇನ್ನೊಂದು ವಿಮಾನವನ್ನು ನೋಡುತ್ತಾ ತಾನೇ ದೂರ ಇರಬಹುದು. ಕಣ್ಣಿಂದ ಮರೆಯಾದರೆ ಪೈಲಟ್ ತಕ್ಷಣ ಹೇಳಬೇಕು.

ಇದರಿಂದ ಲಾಭ ಇದೆ, ಸುಳ್ಳಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎರಡು ಸಮಾನಾಂತರ ರನ್‌ವೇಗಳ ನಡುವೆ ಇರೋದು ಬರೀ 750 ಅಡಿ. ಆಕಾಶ ತಿಳಿಯಾಗಿದ್ದಾಗ ಕಣ್ಣಳತೆಯಲ್ಲೇ ಎರಡು ವಿಮಾನಗಳು ಅಕ್ಕಪಕ್ಕದಲ್ಲಿ ಇಳಿಯೋ ಪದ್ಧತಿ ಅಲ್ಲಿ ಬೆಳೆದುಬಂತು. ಮೋಡ ಕವಿದರೆ ಒಂದರ ಹಿಂದೆ ಒಂದು ಬರಬೇಕಿತ್ತು, ಗಂಟೆಗೆ ಇಳಿಯೋ ವಿಮಾನಗಳ ಸಂಖ್ಯೆ ಹೆಚ್ಚುಕಡಿಮೆ ಅರ್ಧಕ್ಕೆ ಬೀಳುತ್ತಿತ್ತು. 2023ರ ಅಕ್ಟೋಬರ್‌ನಲ್ಲಿ ಮ್ಯೂನಿಕ್‌ನಿಂದ ಅಲ್ಲಿಗೆ ಬಂದ ಲುಫ್ಥಾನ್ಸಾ ವಿಮಾನದ ಪೈಲಟ್, ರಾತ್ರಿ ಹೊತ್ತು ವಿಶುವಲ್ ಸೆಪರೇಶನ್ ನಮ್ಮ ಕಂಪನಿಯಲ್ಲಿ ಒಪ್ಪಲ್ಲ ಅಂದರು. ಕಾಯಿಸಿದರು, ಇನ್ನಷ್ಟು ಕಾಯಿಸಿದರು, ಕೊನೆಗೆ ಆ ವಿಮಾನ ಪಕ್ಕದ ಓಕ್ಲೆಂಡ್‌ನಲ್ಲಿ ಇಳಿಯಿತು. ಪ್ರಯಾಣಿಕರಿಗೆ ಇದು ಯಾಕಪ್ಪಾ ಈ ಹಠ ಅನ್ನಿಸಿರಬಹುದು.

ಅದಾಗಿ ಹದಿನೈದು ತಿಂಗಳಿಗೆ, 2025ರ ಜನವರಿ 29ರ ರಾತ್ರಿ, ವಾಷಿಂಗ್ಟನ್‌ನ ರೇಗನ್ ಏರ್‌ಪೋರ್ಟ್ ಬಳಿ 64 ಜನ ಇದ್ದ ಸಿಆರ್‌ಜೆ-700 ಜೆಟ್ ಮತ್ತು ಮೂವರು ಸೈನಿಕರಿದ್ದ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಡಿಕ್ಕಿಯಾಗಿ ಪೊಟೊಮ್ಯಾಕ್ ನದಿಗೆ ಬಿದ್ದವು. 67 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಡಿಕ್ಕಿಗೆ ಸುಮಾರು ಎರಡು ನಿಮಿಷ ಮೊದಲು ಕಂಟ್ರೋಲರ್ ಜೆಟ್ ಬಗ್ಗೆ ಹೇಳಿದಾಗ, ಕಾಣಿಸ್ತಿದೆ, ವಿಶುವಲ್ ಸೆಪರೇಶನ್ ಕೊಡಿ ಅಂತ ಹೆಲಿಕಾಪ್ಟರ್ ಕಡೆಯಿಂದ ಉತ್ತರ ಬಂತು. ಕೊನೆಯ 20 ಸೆಕೆಂಡಿನಲ್ಲಿ ಮತ್ತೆ ಕೇಳಿದಾಗಲೂ ಅದೇ ಉತ್ತರ. ಆ ಹೊತ್ತಿಗೆ ಆಕಾಶದಲ್ಲಿ ಇಳಿಯೋಕೆ ಬರ್ತಿದ್ದ ಬೇರೆ ವಿಮಾನಗಳ ದೀಪಗಳೂ ಇದ್ದವು. ‘ಕಾಣಿಸ್ತಿದೆ’ ಅನ್ನೋ ಮಾತು ಯಾವುದು ಕಾಣಿಸ್ತಿದೆ ಅಂತ ಹೇಳಲ್ಲ. ಜೆಟ್‌ನ ಪೈಲಟ್‌ಗಳಿಗಂತೂ ಹೆಲಿಕಾಪ್ಟರ್ ಬರ್ತಿದೆ ಅಂತ ಟವರ್ ಹೇಳಿರಲಿಲ್ಲ. ಇಬ್ಬರೂ ಬೇರೆ ಬೇರೆ ಫ್ರೀಕ್ವೆನ್ಸಿಯಲ್ಲಿ ಇದ್ದದ್ದರಿಂದ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಲೂ ಇಲ್ಲ.

ಇದನ್ನು ‘ಪೈಲಟ್ ತಪ್ಪು’ ಅಂತ ಹೇಳಿ ಫೈಲ್ ಮುಚ್ಚೋದು ಸುಲಭ. ಆದರೆ ಕಣ್ಣು ಅನ್ನೋ ಸೆನ್ಸರ್‌ನ ಡೇಟಾಶೀಟ್ ಸ್ವಲ್ಪ ನೋಡಿ. ಡಿಕ್ಕಿಯ ದಾರಿಯಲ್ಲಿ ನೇರವಾಗಿ ಬರ್ತಿರೋ ವಿಮಾನ ನಮ್ಮ ಗಾಜಿನ ಮೇಲೆ ಪಕ್ಕಕ್ಕೆ ಸರಿಯೋದೇ ಇಲ್ಲ, ಒಂದೇ ಜಾಗದಲ್ಲಿ ಚುಕ್ಕೆಯಂತೆ ನಿಂತಿರುತ್ತೆ. ನಮ್ಮ ಕಣ್ಣೋ, ಅಲುಗಾಡೋದನ್ನು ಬೇಗ ಹಿಡಿಯುತ್ತೆ, ನಿಂತಿರೋದನ್ನು ಬಿಟ್ಟುಬಿಡುತ್ತೆ. ಅಂದರೆ ಅತಿ ಅಪಾಯದ ವಿಮಾನವೇ ಕಣ್ಣಿಗೆ ಬೀಳೋದು ಅತಿ ಕಷ್ಟ. ಇನ್ನು ಸಮಯ. ಕಂಡದ್ದು ವಿಮಾನ ಅಂತ ಗುರುತಿಸಿ, ಡಿಕ್ಕಿಯಾಗುತ್ತೆ ಅಂತ ಅರಿವಾಗಿ, ಎತ್ತ ತಿರುಗಬೇಕು ಅಂತ ನಿರ್ಧರಿಸಿ, ವಿಮಾನ ನಿಜವಾಗಿ ತಿರುಗೋಕೆ ಒಟ್ಟು 12.5 ಸೆಕೆಂಡ್ ಬೇಕು ಅಂತ ಅಮೆರಿಕದ ವಿಮಾನಯಾನ ಸಂಸ್ಥೆ ಎಫ್‌ಎಎಯ ಲೆಕ್ಕವೇ ಹೇಳುತ್ತೆ. ತಲಾ 250 ನಾಟ್ ವೇಗದಲ್ಲಿ ಎದುರುಬದುರಾಗಿ ಬಂದರೆ ಅಷ್ಟರಲ್ಲಿ ಕರಗೋ ದೂರ 3.2 ಕಿ.ಮೀ. ಆ ದೂರದಲ್ಲಿ 23 ಮೀಟರ್ ರೆಕ್ಕೆಯ ಜೆಟ್ ಕಾಣೋದು ಕೈ ಚಾಚಿ ಹಿಡಿದ ಮೆಣಸಿನಕಾಳಿನಷ್ಟು ಅಗಲ. ಇದು ಹಗಲಿನ ಲೆಕ್ಕ. ರಾತ್ರಿ ನಗರದ ಸಾವಿರಾರು ದೀಪಗಳ ಮುಂದೆ ಅದು ಇನ್ನೊಂದು ದೀಪ, ಅಷ್ಟೇ.

ಕಣ್ಣು ಫೇಲ್ ಆದಾಗ ಯಾವ ಅಲಾರಂ ಕೂಡ ಹೊಡೆಯಲ್ಲ. ಇದು ಹೊಸ ವಿಷಯವೇನಲ್ಲ. 1978ರ ಸೆಪ್ಟೆಂಬರ್ 25ರಂದು ಸ್ಯಾನ್ ಡಿಯಾಗೋದಲ್ಲಿ ಬೋಯಿಂಗ್ 727ರ ಪೈಲಟ್‌ಗಳು ಸೆಸ್ನಾ ವಿಮಾನವನ್ನು ನೋಡಿದ್ದೇವೆ ಅಂದಿದ್ದರು. ಆಮೇಲೆ ಅದು ಕಣ್ತಪ್ಪಿತು. ದಾಟಿಹೋಗಿರಬೇಕು ಅಂದುಕೊಂಡರು. ಮರೆಯಾಗಿದೆ ಅಂತ ಸ್ಪಷ್ಟವಾಗಿ ಹೇಳಲಿಲ್ಲ, ಟವರ್‌ಗೂ ಅದು ಅರ್ಥವಾಗಲಿಲ್ಲ. ಸತ್ತವರು 144 ಜನ, ಅವರಲ್ಲಿ 7 ಜನ ನೆಲದ ಮೇಲೆ ತಮ್ಮ ಪಾಡಿಗೆ ಇದ್ದವರು.

ನಮ್ಮ ಬೆಂಗಳೂರಿನಲ್ಲೇ ಇದಕ್ಕೆ ಉಲ್ಟಾ ಉದಾಹರಣೆ ಇದೆ. 2022ರ ಜನವರಿ 7ರ ಬೆಳಗ್ಗೆ ಕೆಂಪೇಗೌಡ ಏರ್‌ಪೋರ್ಟಿನ ಎರಡು ಸಮಾನಾಂತರ ರನ್‌ವೇಗಳಿಂದ ಒಂದು ಕೋಲ್ಕತ್ತಾಗೆ, ಇನ್ನೊಂದು ಭುವನೇಶ್ವರಕ್ಕೆ ಹೊರಟ ಎರಡು ವಿಮಾನಗಳು ಒಂದೇ ಹೊತ್ತಿಗೆ ಮೇಲೇರಿ ಒಂದನ್ನೊಂದು ಸಮೀಪಿಸಿದವು. ಟವರ್‌ನಲ್ಲಿ ಹೊಂದಾಣಿಕೆ ತಪ್ಪಿತ್ತು. ಅದು ವಿಶುವಲ್ ಸೆಪರೇಶನ್ ಕೇಸ್ ಅಲ್ಲ, ಆದರೆ ಪಾಠ ಒಂದೇ. ರಾಡಾರ್ ಮುಂದೆ ಕೂತಿದ್ದ ಇನ್ನೊಬ್ಬ ಕಂಟ್ರೋಲರ್ ಅದನ್ನು ಗಮನಿಸಿ ಎರಡನ್ನೂ ಬೇರೆ ದಿಕ್ಕಿಗೆ ತಿರುಗಿಸಿದರು. ಒಂದು ಪದರ ಹರಿದಾಗ ಇನ್ನೊಂದು ಹಿಡಿಯಿತು.

ವಾಷಿಂಗ್ಟನ್‌ನಲ್ಲಿ ಆ ಇನ್ನೊಂದು ಪದರವೇ ಇರಲಿಲ್ಲ. ಡಿಕ್ಕಿ ತಪ್ಪಿಸಲು ‘ಏರು’, ‘ಇಳಿ’ ಅಂತ ಆದೇಶ ಕೊಡೋ ಟಿಕಾಸ್ ಯಂತ್ರ ಸುಮಾರು 1000 ಅಡಿಗಿಂತ ಕೆಳಗೆ ಆ ಆದೇಶ ಕೊಡಲ್ಲ. ಡಿಕ್ಕಿಯಾದದ್ದು 300 ಅಡಿ ಆಸುಪಾಸಿನಲ್ಲಿ. ಹೆಲಿಕಾಪ್ಟರ್ ದಾರಿಯ ಮಿತಿ 200 ಅಡಿ, ಅದು ಮಿತಿಗಿಂತ ಮೇಲಿತ್ತು, ನಿಜ. ಆದರೆ ಮಿತಿಯಲ್ಲೇ ಇದ್ದಿದ್ದರೂ ಆ ರನ್‌ವೇಗೆ ಇಳಿಯೋ ಜೆಟ್‌ಗೂ ಅದಕ್ಕೂ ಒಂದು ಜಾಗದಲ್ಲಿ 75 ಅಡಿ ಮಾತ್ರ ಅಂತರ ಉಳಿಯುತ್ತಿತ್ತು ಅಂತ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಹೇಳಿತು. 2021ರ ಅಕ್ಟೋಬರ್‌ನಿಂದ 2024ರ ಡಿಸೆಂಬರ್‌ವರೆಗೆ ಅಲ್ಲಿ ಪ್ರಯಾಣಿಕರ ವಿಮಾನ ಮತ್ತು ಹೆಲಿಕಾಪ್ಟರ್‌ಗಳು 1 ನಾಟಿಕಲ್ ಮೈಲಿ ಮತ್ತು 400 ಅಡಿಗಿಂತ ಹತ್ತಿರ ಬಂದದ್ದು 15,214 ಸಲ! ಅಷ್ಟೂ ಸಲ ಏನೂ ಆಗಲಿಲ್ಲ, ಹಾಗಾಗಿ ಎಲ್ಲಾ ಸರಿಯಿದೆ ಅಂದುಕೊಂಡರು. ಡಿಕ್ಕಿಯಾದ ಮೇಲೆ ಆ ಏರ್‌ಪೋರ್ಟ್ ಹತ್ತಿರ ವಿಶುವಲ್ ಸೆಪರೇಶನ್ ನಿಲ್ಲಿಸಿದರು.

ಎಲ್ಲಾ ಕಡೆ ನಿಲ್ಲಿಸಿದರೆ ವಿಮಾನಗಳು ಲೇಟ್ ಆಗುತ್ತವೆ, ಟಿಕೆಟ್ ದುಬಾರಿಯಾಗುತ್ತೆ ಅಂತ ಹೇಳೋರ ಮಾತಲ್ಲೂ ಅರ್ಥ ಇದೆ. ಅದಕ್ಕೇ ನಾನು ಕೇಳೋದು ಷರತ್ತುಗಳನ್ನು. ರಾತ್ರಿ ಹೊತ್ತು ಹೆಲಿಕಾಪ್ಟರ್ ಮತ್ತು ಜೆಟ್ ನಡುವೆ ಇದು ಬೇಡ. ಒಬ್ಬರು ಇನ್ನೊಬ್ಬರನ್ನು ನೋಡಿ ದೂರ ಇರ್ತಾರೆ ಅಂತಾದರೆ ಆ ಇನ್ನೊಬ್ಬರಿಗೂ ಅದು ಗೊತ್ತಿರಲಿ. ಪಕ್ಕದ ವಿಮಾನವನ್ನು ಕಾಕ್‌ಪಿಟ್‌ನ ಪರದೆಯಲ್ಲೇ ತೋರಿಸೋ ಎಡಿಎಸ್-ಬಿ ಇನ್ ಎಲ್ಲಾ ದೊಡ್ಡ ವಿಮಾನಗಳಲ್ಲಿ ಇರಲಿ. ಎಲ್ಲಕ್ಕಿಂತ ಮುಖ್ಯ, ಕಣ್ಣು ಪೂರ್ತಿ ತಪ್ಪಿದರೂ ಎರಡು ದಾರಿಗಳು ಒಂದಕ್ಕೊಂದು ತಾಗದ ಹಾಗೆ ನಕ್ಷೆ ಹಾಕಿ.

ನಮ್ಮ ಲ್ಯಾಬ್‌ನಲ್ಲಿ ಒಂದೇ ಸೆನ್ಸರ್ ನಂಬಿ ಪ್ರಾಜೆಕ್ಟ್ ಮಾಡಿದರೆ ವೈವಾದಲ್ಲಿ ಬರೋ ಮೊದಲ ಪ್ರಶ್ನೆ, ‘ಇದು ಕೈಕೊಟ್ಟರೆ?’ ಅಂತ. ಉತ್ತರ ಇಲ್ಲದಿದ್ದರೆ ಮಾರ್ಕ್ಸ್ ಹೋಗುತ್ತೆ. ನಾಳೆ ನಮ್ಮಲ್ಲಿ ಕೆಲವರು ರಾಡಾರ್ ಸಾಫ್ಟ್‌ವೇರ್ ಬರೀತೀವಿ, ಕೆಲವರು ಏವಿಯಾನಿಕ್ಸ್ ಮಾಡ್ತೀವಿ, ಇನ್ನು ಕೆಲವರು ಬರೀ ವಿಂಡೋ ಸೀಟಲ್ಲಿ ಕೂರ್ತೀವಿ. ಯಾವ ಸೀಟಲ್ಲಿ ಕೂತರೂ ಆ ವೈವಾ ಪ್ರಶ್ನೆ ಕೇಳೋ ಹಕ್ಕು ನಮಗಿದೆ.